ಬೆರಿಲ್ ಬಾಗಿಲು ಮುಚ್ಚಿದ ದಿನ

ಈ ಸಲದ ಯುಗಾದಿಗೆ ಲಂಡನ್ನಿನ ಕಿಂಗ್ಸ್‌ಬರಿಯ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮೇಘನಾ ಎಂಬ ಬೆಂಗಳೂರಿನ ಹುಡುಗಿ ಭುಜ ಮುಟ್ಟಿ ಕೇಳಿದಳು, "ಆಂಟಿ, ನಂಗೆ ಕೌನ್ಸಿಲ್‌ನಲ್ಲಿ ಹೌಸಿಂಗ್ ಆಫೀಸರ್ ಕೆಲ್ಸ ಸಿಕ್ತು. ನೀವೂ ಅದನ್ನೇ ಮಾಡ್ತಿದ್ರಂತೆ. ಆಕ್ಚುಲಿ ಅದ್ರಲ್ಲಿ ಏನ್ ಮಾಡ್ಬೇಕು?"

ಅರ್ಧ ಆಯಸ್ಸು ಸವೆಸಿದ ಕೆಲಸ. ಅದರಲ್ಲಿ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ ಎಂಬುದು ಆ ಕ್ಷಣದಲ್ಲೇ ಗೊತ್ತಾದದ್ದು. "ಹೋಳಿಗೆ ಬಿಸಿ ಇರುವಾಗಲೇ ತಗೊ ಮಗಾ, ತುಪ್ಪ ಆ ಕಡೆ ಇದೆ" ಎಂದು ಹೇಳಿ ಜಾರಿಕೊಂಡೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬ ಪುರಾಣ ಇಲ್ಲಿಲ್ಲ. ತಲೆ ಕೆಟ್ಟದ್ದನ್ನು ಮಾತ್ರ ಬರೆಯುತ್ತೇನೆ.

ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ. ಅದಕ್ಕೆ ಸೇರಿದ ಫ್ಲಾಟುಗಳಲ್ಲಿ ಬಾಡಿಗೆಗೆ ಇರುವವರ ಯೋಗಕ್ಷೇಮ ನೋಡಿಕೊಳ್ಳುವುದು ಹೌಸಿಂಗ್ ಆಫೀಸರ್ ಕೆಲಸ. ಗೋಡೆ ಒದ್ದೆಯಾದರೆ, ಲಿಫ್ಟ್ ನಿಂತರೆ, ಮೇಲಿನ ಮನೆಯವರು ಕುಣಿದರೆ, ಕೆಳಗಿನವರು ಬೈದರೆ ನಾವು ಹೋಗಬೇಕು. ಕೇಳಲು ಇಷ್ಟೇ. ಮಾಡಲು ಹೊರಟರೆ ಬಾಗಿಲಲ್ಲೇ ಎಡವುತ್ತೇವೆ.

ನಾನಂತೂ ನಿಜವಾಗಿ ಬಾಗಿಲಲ್ಲೇ ಎಡವಿದ್ದು. ಮೊದಲ ವಾರ ನಮ್ಮ ಸಾಹೇಬ ಕೀತ್ ನನ್ನನ್ನು ಒಂದು ಮನೆಗೆ ಕರೆದುಕೊಂಡು ಹೋದ. ಅವನು ಎತ್ತರದ, ತೆಳ್ಳಗಿನ, ಯಾವಾಗಲೂ ನೆಗಡಿಯಾದಂತೆ ಕಾಣುವ ಮನುಷ್ಯ. ಅಲ್ಲಿ ಪೈಪ್ ಒಡೆದು ಕಾರ್ಪೆಟ್ ಹಾಳಾಗಿತ್ತು. ಕುಂದಾಪುರದಲ್ಲಿ ಹುಟ್ಟಿ ಬೆಳೆದ ನಾನು ಅಭ್ಯಾಸಬಲದಿಂದ ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಕಾಲಿಟ್ಟೆ. ಕಾಲುಚೀಲ ಪಚಕ್ ಎಂದಿತು. ಮನೆಯಾಕೆ ನನ್ನ ಕಾಲು ನೋಡಿದಳು. ಇವಳು ಇಲ್ಲೇ ಉಳಿಯಲು ಬಂದಿದ್ದಾಳೆ ಅಂದುಕೊಂಡಳೋ ಏನೋ, ಸೋಫಾದ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿಕೊಡತೊಡಗಿದಳು. ಅಷ್ಟರಲ್ಲಿ ಅವಳ ನಾಯಿ ನನ್ನ ಒಂದು ಶೂ ಕಚ್ಚಿಕೊಂಡು ಮಂಚದ ಕೆಳಗೆ ಸೇರಿತು. ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಪೈಪಿನ ವಿಷಯವೇ ಮರೆತುಹೋಗಿತ್ತು.

"ಲಲಿತಾ, ನೀನು ನೆಂಟಳಲ್ಲ, ಆಫೀಸರ್. ಶೂ ಹಾಕಿಕೊಂಡೇ ಹೋಗು" ಅಂದ ಕೀತ್.

ಸರಿ, ಮುಂದಿನ ಮನೆಗೆ ಶೂ ಹಾಕಿಕೊಂಡೇ ನುಗ್ಗಿದೆ. ಅದು ಒಬ್ಬ ಶ್ರೀಲಂಕಾದ ತಮಿಳು ಅಜ್ಜಿಯ ಮನೆ. ದೇವರ ಪಟದ ಎದುರು ದೀಪ ಉರಿಯುತ್ತಿತ್ತು. ಅಜ್ಜಿ ನನ್ನ ಕಾಲನ್ನೇ ನೋಡಿದಳು. ನಾವು ಮೆಟ್ಟಿಲು ಇಳಿಯುವಾಗ ಹಿಂದೆ ಬಕೆಟ್ಟಿನ ಸದ್ದು ಕೇಳಿಸಿತು, ನೆಲ ಒರೆಸುತ್ತಿದ್ದಳು. ನನಗೆ ಜೀವ ಹೋದಂತಾಯಿತು. ಯಾರ ಮನೆಯಲ್ಲಿ ಬಿಚ್ಚಬೇಕು, ಯಾರ ಮನೆಯಲ್ಲಿ ಬಿಚ್ಚಬಾರದು ಎಂದು ಕೀತ್‌ನನ್ನು ಕೇಳಿದರೆ, ಅದಕ್ಕೆ ನಿಯಮವಿಲ್ಲ ಅಂದ.

ಉಳಿದದ್ದಕ್ಕೆಲ್ಲ ನಿಯಮವಿತ್ತು. ಮನೆಗಳಲ್ಲಿ ಕೂರಬಾರದು, ಚಹಾ ಕುಡಿಯಬಾರದು, ಯಾರು ಏನು ಕೊಟ್ಟರೂ ತೆಗೆದುಕೊಳ್ಳಬಾರದು. ಚಹಾ ಬೇಡವೆಂದರೆ ಅರ್ಧ ಜನ ಬೇಸರ ಮಾಡಿಕೊಳ್ಳುತ್ತಿದ್ದರು, ಕುಡಿದರೆ ಕೀತ್ ಸಿಟ್ಟಾಗುತ್ತಿದ್ದ. ಮೊದಲು ಜನ ನಮ್ಮ ಆಫೀಸಿನ ಕೌಂಟರಿಗೇ ಬಂದು ಜಗಳವಾಡುತ್ತಿದ್ದರು. ಆಮೇಲೆ ಕೌಂಟರ್ ಮುಚ್ಚಿ ಫೋನ್ ಇಟ್ಟರು. ಆಮೇಲೆ ಫೋನೂ ಬೇಡವೆಂದು ನಮ್ಮ ಕೈಗೆ ಟ್ಯಾಬ್ಲೆಟ್ ಕೊಟ್ಟರು, ದೂರುಗಳೆಲ್ಲ ಅದರ ಪರದೆಯಲ್ಲೇ ಬರತೊಡಗಿದವು. ಕಾಗದಪತ್ರಗಳಲ್ಲಿ ಬಾಡಿಗೆದಾರರು ರಾತ್ರೋರಾತ್ರಿ ಗ್ರಾಹಕರಾದರು. ಬೈಗುಳ ಮಾತ್ರ ಅದೇ ಇತ್ತು.

ಇಂಥ ಹೊತ್ತಿನಲ್ಲಿ ಬೆರಿಲ್ ಬಂದಳು.

ನನ್ನ ಪಾಲಿಗೆ ಬಂದ ಕಟ್ಟಡಗಳಲ್ಲಿ ಒಂದು ವಯಸ್ಸಾದವರಿಗೆಂದೇ ಇದ್ದದ್ದು. ಅದರ ಲಿಫ್ಟಿಗೂ ವಯಸ್ಸಾಗಿತ್ತು, ಹಾಗಾಗಿ ಮೂರನೇ ಮಹಡಿಯ ಒಂದು ಕೋಣೆಯ ಫ್ಲಾಟನ್ನು ಯಾರೂ ಒಪ್ಪುತ್ತಿರಲಿಲ್ಲ. ಬೆರಿಲ್ ಒಪ್ಪಿದಳು. ಎಪ್ಪತ್ತು ದಾಟಿದ, ಗುಂಡಗಿನ, ಬಿಸಿಲಿಗೆ ಮುಖವೆಲ್ಲ ಸುಕ್ಕಾದ ಹೆಂಗಸು. ಹುಟ್ಟಿದ್ದು ಲಂಡನ್ನಿನಲ್ಲೇ. ಹರೆಯದಲ್ಲಿ ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದವಳು ಗಂಡ ರಾನ್ ತೀರಿಕೊಂಡ ಮೇಲೆ ತಿರುಗಿ ಬಂದಿದ್ದಳು. ಮಗಳು ಕ್ಯಾರೆನ್ ಲಂಡನ್ನಿನ ಇನ್ನೊಂದು ತುದಿಯ ಸಟನ್‌ನಲ್ಲಿ ಆಸ್ಪತ್ರೆಯ ನರ್ಸ್. ಅವಳ ಮನೆಯಲ್ಲಿ ಮಕ್ಕಳಿಗೇ ಓದಲು ಜಾಗವಿಲ್ಲ, ಇನ್ನು ತಾಯಿಗೆಲ್ಲಿಂದ ಬರಬೇಕು.

ಬೆರಿಲ್ ಇದ್ದ ಊರು ಸಿಡ್ನಿಯಿಂದ ಹಗಲೆಲ್ಲ ಕಾರು ಓಡಿಸಿದರೆ ಸಿಗುವಂಥದ್ದಂತೆ. ಒಂದೇ ಬೀದಿ. ಗೋಧಿ ತುಂಬುವ ದೊಡ್ಡ ಕಣಜಗಳು, ಒಂದು ಸಭಾಭವನ, ಅಂಚೆ ಕಚೇರಿಯೂ ಆಗಿದ್ದ ಒಂದು ಅಂಗಡಿ. ತಗಡಿನ ಮಾಡು, ಮುಂದೊಂದು ಜಗಲಿ, ಪಕ್ಕದಲ್ಲಿ ಮಳೆನೀರಿನ ಟ್ಯಾಂಕ್ ಇರುವ ಮನೆಗಳು. ರಾನ್ ಶಾಲೆಯ ಬಸ್ ಓಡಿಸುತ್ತಿದ್ದ. ಮೊದಲು ಬ್ಯಾಂಕ್ ಮುಚ್ಚಿತು, ಆಮೇಲೆ ಶಾಲೆ, ಆಮೇಲೆ ಡಾಕ್ಟರು ಬರುವುದು ನಿಂತಿತು. ಮನೆ ಮಾರಾಟಕ್ಕಿದೆ ಎಂಬ ಹಲಗೆಗಳು ಅಕ್ಷರ ಮಾಸುವವರೆಗೂ ನಿಂತೇ ಇದ್ದವು, ಕೊಳ್ಳುವವರಿಲ್ಲ. ನಾನು ದಿನಾ ನೋಡುತ್ತಿದ್ದದ್ದು ಮನೆ ಸಿಗದೆ ಮಕ್ಕಳನ್ನು ಕಟ್ಟಿಕೊಂಡು ಹಾಸ್ಟೆಲ್ ಕೋಣೆಯಲ್ಲಿ ಕಾಯುವವರನ್ನು. ಜನರಿಲ್ಲದೆ ಮನೆ ಕೊಳೆಯುವ ಊರೂ ಇದೆ ಎಂದು ಕೇಳಿ ನನಗೆ ದಿಗ್ಭ್ರಮೆಯಾಯಿತು.

ತೊಂದರೆ ಶುರುವಾದದ್ದು ಅವಳ ಬಾಗಿಲಿನಿಂದ. ನಮ್ಮ ಫ್ಲಾಟುಗಳ ಮುಂಬಾಗಿಲು ಬೆಂಕಿ ತಡೆಯುವ ಬಾಗಿಲು. ಮೇಲ್ಗಡೆ ಒಂದು ಕಬ್ಬಿಣದ ತೋಳಿರುತ್ತದೆ, ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಮನೆಗೆ ಬೆಂಕಿ ಬಿದ್ದರೆ ಹೊಗೆ ಮನೆಗಳ ನಡುವಿನ ಓಣಿಗೆ ನುಗ್ಗಿ ಉಳಿದವರನ್ನು ಕೊಲ್ಲಬಾರದು, ಅದಕ್ಕೆ. ಇದು ಸುಮ್ಮನೆ ಮಾಡಿದ ನಿಯಮವಲ್ಲ, ಜೀವದ ಪ್ರಶ್ನೆ. ಬೆರಿಲ್ ಮಾತ್ರ ಬೆಳಗ್ಗೆ ಎದ್ದವಳೇ ಬಾಗಿಲನ್ನು ಹಾರುಹೊಡೆದು, ಅತ್ತೆಯ ಕಾಲದ ಭಾರದ ಇಸ್ತ್ರಿಪೆಟ್ಟಿಗೆಯನ್ನು ಅಡ್ಡ ಇಟ್ಟು, ಕುರ್ಚಿ ಹಾಕಿಕೊಂಡು ಹೊಸ್ತಿಲಲ್ಲಿ ಕೂರುತ್ತಿದ್ದಳು. ಆ ಇಸ್ತ್ರಿಪೆಟ್ಟಿಗೆಯನ್ನು ಆಸ್ಟ್ರೇಲಿಯಾದಿಂದ ವಿಮಾನದಲ್ಲಿ ತಂದಿದ್ದಳಂತೆ. ಯಾರು ಹಾದುಹೋದರೂ "ಬನ್ನಿ, ಕೆಟ್ಲಿ ಇಟ್ಟಿದ್ದೇನೆ" ಅನ್ನುವುದು.

ಎದುರು ಮನೆಯ ಪಟೇಲ್ ಕಾಕಾ ಮೊದಲ ದೂರು ಕೊಟ್ಟರು. ವೆಂಬ್ಲಿಯಲ್ಲಿ ಅಂಗಡಿ ನಡೆಸಿ ನಿವೃತ್ತರಾದ ಗುಜರಾತಿ ಮುದುಕ, ಹೆಂಡತಿ ಹೋದ ಮೇಲೆ ಯಾರೊಡನೆಯೂ ಮಾತಿಲ್ಲ. "ಮಾಂಸದ ವಾಸನೆ ಬರುತ್ತೆ, ಆ ಹೆಂಗಸು ದಿನಾ ಗುಡ್ ಮಾರ್ನಿಂಗ್ ಹೇಳುತ್ತೆ" ಎಂದು ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಿದ್ದರು.

ನಾನು ಹೋಗಿ ಬೆರಿಲ್‌ಗೆ ಬೆಂಕಿಯ ವಿಷಯ ತಿಳಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನಮ್ಮೂರಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ರೆ ಮನೆಯೋರು ಊರಲ್ಲಿಲ್ಲ, ಇಲ್ಲಾಂದ್ರೆ ಏನೋ ಆಗಿದೆ ಅಂತ ಅರ್ಥ, ಲವ್," ಅಂದಳು. ಲವ್ ಅಂದರೆ ನಮ್ಮ ಕಡೆ ಮಗಾ ಅಂದಂತೆ. "ರಾನ್ ಹೋದ ಮೇಲೆ ಒಂದಿನ ಹಿತ್ತಲಿನ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡೆ. ಕೂಗಿದ್ರೆ ಯಾರಿಗೂ ಕೇಳ್ಸಲ್ಲ. ತಿಂಡಿ ಹೊತ್ತಾದ್ರೂ ಬಾಗಿಲು ತೆಗೀಲಿಲ್ಲ ಅಂತ ಎದುರು ಮನೆಯವಳು ಬಂದು ನೋಡಿದ್ಲು. ಅದಕ್ಕೇ ಇವತ್ತು ನಿನ್ನ ಹತ್ರ ಮಾತಾಡ್ತಿದೀನಿ. ಇಲ್ಲಿ ಎಲ್ಲಾ ಬಾಗಿಲೂ ಮುಚ್ಚಿರುತ್ತೆ. ನಾನು ಬಿದ್ರೆ ಯಾರಿಗೆ ಗೊತ್ತಾಗುತ್ತೆ?"

ಕೊರಳಿಗೆ ಹಾಕಿಕೊಳ್ಳುವ ಗುಂಡಿ ಇದೆ, ಬಿದ್ದಾಗ ಒತ್ತಿದರೆ ಎಲ್ಲಿಂದಲೋ ಒಬ್ಬರು ಮಾತಾಡುತ್ತಾರೆ ಅಂದೆ. "ಎಲ್ಲಿಂದ?" ಎಂದು ಕೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಹೊರಡುವಾಗ ಒಂದು ತಟ್ಟೆ ಕೈಗಿಟ್ಟಳು. ಲ್ಯಾಮಿಂಗ್ಟನ್ ಎಂಬ ಅವರ ಕಡೆಯ ಕೇಕು, ಚಾಕಲೇಟಿನಲ್ಲಿ ಅದ್ದಿ ಕಾಯಿತುರಿಯಲ್ಲಿ ಹೊರಳಿಸಿದ್ದು. ಬೇಡ ಅನ್ನಬೇಕಿತ್ತು. ಕಾಯಿತುರಿ ಕಂಡ ಕುಂದಾಪುರದವಳ ಬಾಯಲ್ಲಿ ಬೇಡ ಎಂಬ ಮಾತು ಹೇಗೆ ಬಂದೀತು!

ತಟ್ಟೆ ಮನೆಗೆ ಬಂತು. ಅದನ್ನು ಖಾಲಿ ಹೇಗೆ ತಿರುಗಿಸುವುದು? ನಮ್ಮವರು, ಅಂದರೆ ನನ್ನ ಗಂಡ ಸುಧಾಕರ, ಪಾರ್ಕ್ ರಾಯಲ್ ಎಂಬಲ್ಲಿನ ತಿಂಡಿ ಕಾರ್ಖಾನೆಯಲ್ಲಿ ಅಡುಗೆಯವರು. ರಜೆಯ ದಿನ ಅವರೇ ಚಕ್ಕುಲಿ ಒತ್ತಿ ತಟ್ಟೆ ತುಂಬಿಸಿ ಕೊಟ್ಟರು. ನನ್ನ ಗ್ರಹಚಾರಕ್ಕೆ ಬೆರಿಲ್ ಊರಿನಲ್ಲೂ ತಟ್ಟೆಯನ್ನು ಖಾಲಿ ತಿರುಗಿಸುವ ಪದ್ಧತಿ ಇಲ್ಲ. ಚಕ್ಕುಲಿ ಹೋದ ತಟ್ಟೆ ಬಿಸ್ಕತ್ತು ಹೊತ್ತು ಬಂತು, ಬಿಸ್ಕತ್ತಿಗೆ ರವೆ ಉಂಡೆ ಹೋಯಿತು. ಇಬ್ಬರಲ್ಲಿ ಯಾರಿಗೂ ನಿಲ್ಲಿಸಲು ಗೊತ್ತಾಗಲಿಲ್ಲ. ಕೀತ್‌ಗೆ ಸುದ್ದಿ ಮುಟ್ಟಿ, "ಇದನ್ನು ಶುರು ಮಾಡಿದ್ದು ಯಾರು?" ಎಂದು ಗದರಿಸಿದ. ಅವಳು ಅಂದರೆ ಅವಳಿಗೆ ತೊಂದರೆ, ನಾನು ಅಂದರೆ ನನಗೆ. ತಟ್ಟೆ ಅಂದೆ. ಅವನು ಮೂಗು ಒರೆಸಿಕೊಂಡು ಹೋದ.

ಅದು ನಗುವ ಮಾತಾಯಿತು, ಬಾಗಿಲಿನದ್ದು ನಗುವಂಥದ್ದಾಗಿರಲಿಲ್ಲ. ಕೌನ್ಸಿಲ್ ಮನೆ ಕೊಟ್ಟಾಗ ಮೊದಲ ವರ್ಷ ಪರೀಕ್ಷೆಯ ವರ್ಷ. ತಕರಾರಿಲ್ಲದೆ ಕಳೆದರೆ ಮನೆ ಖಾಯಂ, ಇಲ್ಲದಿದ್ದರೆ ಬಿಡಿಸುವುದು ಸುಲಭ. ಬೆರಿಲ್‌ಗೆ ಆಗಲೇ ಎರಡು ಎಚ್ಚರಿಕೆ ಹೋಗಿದ್ದವು. ಇನ್ನೊಂದು ಹೋದರೆ ಮನೆ ಬಿಡಿಸುವ ಕೆಲಸ ಶುರು ಮಾಡುತ್ತೇನೆ ಅಂದ ಕೀತ್. ಅವನು ಕೆಟ್ಟವನಲ್ಲ. ನಾಳೆ ಬೆಂಕಿ ಬಿದ್ದು ಯಾರಾದರೂ ಸತ್ತರೆ ಹೊಣೆ ಅವನದ್ದೇ. ಮನೆ ಹೋದರೆ ಬೆರಿಲ್ ಎಲ್ಲಿಗೆ ಹೋಗಬೇಕು? ಆ ಊರಿನ ಮನೆ ಮಾರಿ ಬಂದ ದುಡ್ಡು ವಿಮಾನದ ಟಿಕೆಟ್ಟಿಗೂ ಸಾಕಾಗಿರಲಿಲ್ಲ.

ಮನೆಯಲ್ಲಿ ಹೇಳಿಕೊಂಡೆ. "ಕಾಣ್ ಮಾರಾಯ್ತಿ, ನಮ್ಮ್ ಊರಗೂ ಹಗ್ಲಿಗೆ ಬಾಗ್ಲ್ ಹಾಕ್ತ್ರಾ? ಆ ಹೆಂಗ್ಸ್ ಹೇಳುದ್ರಗೆ ಎಂತ ತಪ್ಪಿತ್ತ್?" ಅಂದರು ನಮ್ಮವರು.

"ಬೆಂಕಿ ಬಿದ್ರೆ?"

"ಅದೂ ಸಮವೇ," ಎಂದು ಅದಕ್ಕೂ ತಲೆಯಾಡಿಸಿ ಟಿವಿ ಕಡೆ ತಿರುಗಿದರು. ಮನೆಯಲ್ಲೂ ನನಗೆ ದಾರಿ ಸಿಗಲಿಲ್ಲ.

ಕೆಳಗಿನ ಮಹಡಿಯಲ್ಲಿ ಎಲ್ಲರಿಗೂ ಸೇರಿದ ಒಂದು ಹಾಲ್ ಇತ್ತು, ಯಾವಾಗಲೂ ಬೀಗ. ಅದರ ಬೀಗದ ಕೈ ತಂದು, ಇಲ್ಲಿ ಕೂತ್ಕೊಳ್ಳಿ, ಜನ ಬರ್ತಾರೆ ಎಂದು ಬೆರಿಲ್‌ಗೆ ಹೇಳಿದೆ. "ಜನರನ್ನ ಕರೆಯೋದಲ್ಲ ಲವ್. ಜನ ಹೋಗ್ತಾ ಹೋಗ್ತಾ ಒಳಗೆ ಇಣುಕಬೇಕು" ಅಂದಳು. ನಾನು ಸೋತು, ಇನ್ನೊಂದು ಎಚ್ಚರಿಕೆ ಬಂದರೆ ಮನೆ ಹೋಗುತ್ತದೆ, ದಯವಿಟ್ಟು ಬಾಗಿಲು ಮುಚ್ಚಿ ಎಂದು ಕೈಮುಗಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಕಾಲಿನಿಂದ ಸವರುತ್ತ ಕುಳಿತಳು.

ಮರುದಿನ ಬೆಳಗ್ಗೆ ಮೂರನೇ ಮಹಡಿಗೆ ಹತ್ತಿದಾಗ ಬೆರಿಲ್ ಬಾಗಿಲು ಮುಚ್ಚಿತ್ತು. ಅಬ್ಬಾ, ಗೆದ್ದೆ ಅಂದುಕೊಂಡೆ. ಸಂತೋಷದಿಂದ ಕೆಳಗಿಳಿಯತೊಡಗಿದೆ. ಅರ್ಧ ಮೆಟ್ಟಿಲಿಗೆ ಬಂದವಳು ಗಕ್ಕನೆ ನಿಂತೆ. ಹಗಲು ಹೊತ್ತು ಬಾಗಿಲು ಮುಚ್ಚಿದ್ದರೆ ಏನರ್ಥವೆಂದು ಅವಳೇ ಹೇಳಿದ್ದಳಲ್ಲ!

ತಿರುಗಿ ಓಡಿದೆ. ಗಂಟೆ ಒತ್ತಿದೆ, ತಟ್ಟಿದೆ. ಉತ್ತರವಿಲ್ಲ. ಟಪಾಲು ಹಾಕುವ ಕಿಂಡಿಯಿಂದ ಇಣುಕಿದರೆ ನೆಲದ ಮೇಲೆ ಇಸ್ತ್ರಿಪೆಟ್ಟಿಗೆ ಮಗುಚಿ ಬಿದ್ದಿತ್ತು. ಅವಳ ಮೊಬೈಲಿಗೆ ಮಾಡಿದೆ, ಒಳಗೆ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮಗಳು ಕ್ಯಾರೆನ್ ಡ್ಯೂಟಿಯಲ್ಲಿದ್ದಳು, ಫೋನ್ ಬಂದ್. ಕೀತ್‌ಗೆ ಮಾಡಿದರೆ, "ಪೊಲೀಸರಿಗೆ ಹೇಳು, ಅವರು ಬರುವವರೆಗೆ ಏನನ್ನೂ ಮುಟ್ಟಬೇಡ" ಅಂದ. ಪೊಲೀಸರು ಬರುತ್ತೇವೆ ಅಂದರು, ಯಾವಾಗ ಎಂದು ಹೇಳಲಿಲ್ಲ.

ನಾನು ಬಾಗಿಲಿಗೆ ಗುದ್ದಿ ಕೂಗಿದೆ. ಇಂಗ್ಲಿಷ್ ಎಲ್ಲಿ ಹೋಯಿತೋ! "ಹ್ವಾಯ್ ಬೆರಿಲಮ್ಮಾ, ಬಾಗ್ಲ್ ತೆಗೀರಿ! ಎಂತಾಯ್ತ್ ನಿಮ್ಗೆ?" ಎಂದು ಅರಚಿದೆ. ಮುಚ್ಚಿ ಮುಚ್ಚಿ ಎಂದು ಪೀಡಿಸಿದವಳು ನಾನು. ಮುಚ್ಚಿದ ದಿನವೇ ಬಿದ್ದಿದ್ದಾಳೆ, ನನ್ನ ಮಾತು ಕೇಳಿ ಸತ್ತಳು ಎಂದುಕೊಂಡು ಇನ್ನೂ ಜೋರಾಗಿ ಗುದ್ದಿದೆ. ಎರಡನೇ ಮಹಡಿಯಲ್ಲಿ ಕಿಟಕಿ ರಿಪೇರಿ ಮಾಡುತ್ತಿದ್ದ ಬಡಗಿ ಡ್ಯಾರೆನ್ ಸದ್ದು ಕೇಳಿ ಮೇಲೆ ಬಂದ. ಒಡೆ ಅಂದೆ. "ಪರ್ಮಿಷನ್ ಇದೆಯಾ?" ಅಂದ. ಇದೆ ಅಂದೆ. ಅವನು ಸಬ್ಬಲ್ ಹಾಕಿ ಮೀಟಿದ. ಚೌಕಟ್ಟು ಸೀಳಿ, ಬೀಗ ಕಿತ್ತು, ಮೇಲಿನ ಕಬ್ಬಿಣದ ತೋಳು ತುಂಡಾಗಿ ನೇತಾಡಿತು.

ಅಡುಗೆಮನೆ, ಬಚ್ಚಲು, ಮಲಗುವ ಕೋಣೆ, ಮಂಚದ ಕೆಳಗೆ. ಎಲ್ಲೂ ಯಾರೂ ಇಲ್ಲ.

ಹೊರಗೆ ಬಂದೆ. ಎದುರಿನ ಪಟೇಲ್ ಕಾಕಾರ ಬಾಗಿಲು ತೆರೆದಿತ್ತು, ಬೆರಿಲ್ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಅರ್ಧ ತಿಂದ ಢೋಕ್ಲಾ ಹಿಡಿದು ನಿಂತಿದ್ದಳು. "ಏನಾಯ್ತು ಲವ್?" ಅಂದಳು. ಅವಳ ಹಿಂದೆ ಕಾಕಾ ನೆಲ ನೋಡುತ್ತಿದ್ದರು. ದೂರು ಕೊಟ್ಟ ಮನುಷ್ಯ ಅವಳನ್ನು ಚಹಾಕ್ಕೆ ಯಾವಾಗ ಕರೆದರೋ ನನಗೆ ಅರ್ಥವಾಗಲಿಲ್ಲ. ನಾನು ಓಣಿಯಲ್ಲೇ ಕುಸಿದು ಕುಳಿತು ಗೊಳೋ ಎಂದು ಅತ್ತೆ.

ಕೀತ್ ನನ್ನನ್ನು ಎದುರಿಗೆ ಕೂರಿಸಿಕೊಂಡ. "ಬಾಗಿಲು ಮುಚ್ಚು ಎಂದು ಎಚ್ಚರಿಕೆ ಕೊಟ್ಟವಳು ನೀನು. ಮುಚ್ಚಿದ್ದಕ್ಕೆ ಒಡೆಸಿದವಳೂ ನೀನು. ನಾನು ಮೇಲಿನವರಿಗೆ ಏನಂತ ಬರೆಯಲಿ?" ಅಂದ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಬೀಗವನ್ನು ಹೇಗೋ ಕೂರಿಸಿ ರಾತ್ರಿ ಒಳಗಿಂದ ಹಾಕಿಕೊಳ್ಳುವಂತೆ ಮಾಡಿದರು, ಹೊಗೆ ಬಂದರೆ ಕೂಗುವ ಇನ್ನೊಂದು ಯಂತ್ರ ಹಾಕಿದರು. ಹೊಸ ಬಾಗಿಲು ಅಳತೆಗೆ ಸರಿಯಾಗಿ ಮಾಡಿ ಬರಬೇಕು. ಅಳತೆ ತೆಗೆದುಕೊಂಡು ಹೋದ ಕಂಪೆನಿಯ ಗುತ್ತಿಗೆ ಮುಗಿಯಿತು, ಹೊಸ ಕಂಪೆನಿ ಮತ್ತೆ ಅಳತೆ ತೆಗೆಯಿತು. ಅಲ್ಲಿಯವರೆಗೆ ಆ ಬಾಗಿಲು ತಾನಾಗಿ ಮುಚ್ಚುವುದಿಲ್ಲ. ಮುಚ್ಚದ ಬಾಗಿಲು ಕೌನ್ಸಿಲಿನದ್ದೇ ಆದ ಮೇಲೆ ಬೆರಿಲ್‌ಗೆ ಎಚ್ಚರಿಕೆ ಕೊಡುವುದು ಹೇಗೆ? ಅವಳು ಹಗಲೆಲ್ಲ ಹೊಸ್ತಿಲಲ್ಲಿ ಕುಳಿತಳು. ಕಾಕಾ ತಮ್ಮ ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡರು. ಮೇಲಿನ ಮಹಡಿಯ ಇಬ್ಬರು ಹೆಂಗಸರು ಹೆಣಿಗೆ ಹಿಡಿದು ಬರತೊಡಗಿದರು. ನಮ್ಮವರ ಚಕ್ಕುಲಿಗೆ ಬೇಡಿಕೆ ಹೆಚ್ಚಿ ಎರಡನೇ ಒರಳು ಕೊಳ್ಳಬೇಕಾಯಿತು. ಆ ಗಲಾಟೆಯಲ್ಲೇ ಪರೀಕ್ಷೆಯ ವರ್ಷ ಮುಗಿದು ಬೆರಿಲ್ ಮನೆ ಖಾಯಂ ಆಯಿತು. ಅದಕ್ಕೆ ನಾನು ಏನಾದರೂ ಮಾಡಿದೆನೋ ಅಥವಾ ಕೆಡಿಸಲು ಹೋಗಿ ಸರಿಯಾಯಿತೋ, ತಿಳಿಯದು.

ಕಡೆಗೂ ಹೊಸ ಬಾಗಿಲು ಬಂತು. ಮತ್ತೆ ಇಸ್ತ್ರಿಪೆಟ್ಟಿಗೆಯ ರಾಮಾಯಣ ಶುರು ಎಂದು ಹೆದರಿ ಹೋದೆ. ಬಾಗಿಲು ಮುಚ್ಚಿತ್ತು. ತಟ್ಟಿದೆ, ತಕ್ಷಣ ತೆಗೆದಳು. ಇಸ್ತ್ರಿಪೆಟ್ಟಿಗೆ ಕಿಟಕಿಯಲ್ಲಿ ಹೂವಿನ ಕುಂಡದ ಪಕ್ಕ ಕುಳಿತಿತ್ತು. ಯಾಕೆ ಎಂದು ಕೇಳಿದರೆ, "ಹೊಸ ಬಾಗಿಲು ಚೆನ್ನಾಗಿದೆ" ಅಂದಳು ಅಷ್ಟೇ. ಅವಳು ಬದಲಾದದ್ದು ಹೇಗೆಂದು ನನಗೆ ತಲೆಬುಡ ತಿಳಿಯಲಿಲ್ಲ.

ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ತಟ್ಟೆ ಹಿಡಿದು ಅವಳ ಮನೆಗೆ ಹೋದೆ. ಶೂ ಬಿಚ್ಚಿದೆ, ಕುಳಿತೆ, ಚಹಾ ಕುಡಿದೆ. ಕೀತ್ ಹೇಳಿದ್ದನ್ನೆಲ್ಲ ಒಟ್ಟಿಗೆ ಮುರಿದ ಸುಖ. ಆಗ ಬೆರಿಲ್ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು:

"ನೀನು ಮೊದಲನೇ ಸಲ ತಟ್ಟಿದ್ದೇ ನಂಗೆ ಕೇಳಿಸ್ತು."

"ಯಾವಾಗ?"

"ಬಾಗಿಲು ಒಡೆಸಿದ ದಿನ. ಪಟೇಲ್ ಎದ್ದು ಬಾಗಿಲು ತೆಗೆಯೋಕೆ ಹೋದ್ರು. ನಾನೇ ಕೈ ಹಿಡಿದು ಕೂರಿಸ್ದೆ."

ನಾನು ಚಹಾದ ಕಪ್ ಕೆಳಗಿಟ್ಟೆ.

"ನನ್ನ ಬಾಗಿಲು ಮುಚ್ಚಿದ್ರೆ ಈ ಊರಲ್ಲಿ ಯಾರಾದ್ರೂ ಬಂದು ನೋಡ್ತಾರಾ ಅಂತ ತಿಳ್ಕೋಬೇಕಿತ್ತು. ನೀನು ಇಳಿದು ಹೋಗಿದ್ದೂ ಕೇಳಿಸ್ತು. ಮುಗೀತು ಅಂದ್ಕೊಂಡೆ. ಆಮೇಲೆ ಓಡಿ ಬಂದೆಯಲ್ಲ, ನಿಮ್ಮ ಭಾಷೇಲಿ ಏನೇನೋ ಕೂಗ್ತಾ. ಬಾಗಿಲು ಒಡೆಯೋ ಮಟ್ಟಕ್ಕೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ, ಲವ್. ಆದ್ರೆ ಆವತ್ತಿಂದ ಬಾಗಿಲು ಮುಚ್ಚೋಕೆ ಭಯ ಆಗ್ಲಿಲ್ಲ."

ನನಗೆ ಸಿಟ್ಟು ಬಂತು. ಕೀತ್‌ನ ಮುಂದೆ ಕುಳಿತ ಗಳಿಗೆ, ಓಣಿಯಲ್ಲಿ ಅತ್ತದ್ದು ಎಲ್ಲ ನೆನಪಾಯಿತು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಏನೂ ತೋಚದೆ ಒಂದಿಡೀ ಲ್ಯಾಮಿಂಗ್ಟನ್ ಬಾಯಿಗೆ ತುರುಕಿಕೊಂಡೆ. ಹೊರಡುವಾಗ ಬೆರಿಲ್, "ನಿನ್ನ ಜಾಗಕ್ಕೆ ಯಾರೋ ಹೊಸಬಳು ಬರ್ತಾಳಂತೆ. ಅವಳು ಮೇಲೆ ಹತ್ತಿ ಬರ್ತಾಳಾ?" ಎಂದು ಕೇಳಿದಳು. ಈಗೆಲ್ಲ ಟ್ಯಾಬ್ಲೆಟ್ಟಿನಲ್ಲೇ ನೋಡುತ್ತಾರೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಮೇಘನಾ, ಯಾವ ಕೌನ್ಸಿಲ್ ಎಂದು ಆ ದಿನ ನಿನ್ನನ್ನು ಕೇಳಲು ಮರೆತೆ. ಒಂದು ವೇಳೆ ಆ ಕಟ್ಟಡ ನಿನ್ನ ಪಾಲಿಗೆ ಬಂದರೆ ಮೂರನೇ ಮಹಡಿಗೆ ಹೋಗು, ಲಿಫ್ಟ್ ನಂಬಬೇಡ. ಬಾಗಿಲು ಮುಚ್ಚಿರುತ್ತದೆ. ನಿಯಮದ ಪ್ರಕಾರ ಅದು ಸರಿ, ನೀನು ತಿರುಗಿ ಬಂದರೂ ಯಾರೂ ತಪ್ಪೆನ್ನುವುದಿಲ್ಲ. ಆದರೂ ತಟ್ಟು ಮಗಾ. ತೆಗೆಯದಿದ್ದರೆ ಕೂಗು, ಯಾವ ಭಾಷೆಯಾದರೂ ಆದೀತು. ಬಡಗಿಯನ್ನು ಕರೆಯುವ ಮೊದಲು ಮಾತ್ರ ಎದುರು ಮನೆಯನ್ನೊಮ್ಮೆ ತಟ್ಟಿ ನೋಡು.